ಮಳೆಯೇ ಬಾರದ ರಿಜಿಸ್ಟರ್

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು. ಗುರುತು ಸಿಗದಂತೆ ಹೆಸರು, ವಿವರ ಬದಲಾಯಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಿನಯಾ ಎಂದು ಕರೆಯೋಣ. ನಲವತ್ತರ ಆಸುಪಾಸು. ಮಂಗಳೂರಿನ ಹೊರವಲಯದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಚಾರ್ಜ್. ಜೂನ್ ಮೊದಲ ವಾರದ ಒಂದು ಸಂಜೆ ಬಂದರು. ಒದ್ದೆ ಕೊಡೆಯನ್ನು ಬಾಗಿಲ ಹತ್ತಿರ ಇಟ್ಟು ಕೂತವರು ಮೊದಲು ಹೇಳಿದ್ದೇ, "ಆಡಿಟ್ ಹತ್ತಿರ ಬಂತು ಮೇಡಂ, ಪೋಡಿಗೆ ಆಪುಂಡು." ತುಳುವಿನಲ್ಲಿ, ಭಯ ಆಗ್ತದೆ ಎಂದು. ಆಡಿಟ್ ಅಂದರೆ ಇಲ್ಲಿ ಕಾರ್ಖಾನೆಯ ಗುಣಮಟ್ಟದ ತಪಾಸಣೆ.

ರಾತ್ರಿ ಮೂರಕ್ಕೆ ಎಚ್ಚರ. ಹೊಟ್ಟೆ ಕಿವುಚುವುದು. ಊಟ ಸೇರುವುದಿಲ್ಲ. ಮಗನ ಮೇಲೆ ಸುಮ್ನೆ ರೇಗುವುದು. ಆಡಿಟ್ ಮುಗಿದ ಮರುದಿನ ಎಲ್ಲ ಸರಿ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ. ಐದು ವರ್ಷದಿಂದ ಹೀಗೆ. ಡಾಕ್ಟರ್ ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಎಂದಿದ್ದರು.

ನಾನು ಇದನ್ನು ಪರೀಕ್ಷೆ ಭಯ ಎಂದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ. ತಪ್ಪು ನನ್ನದೇ. ಎರಡನೇ ಸಲ ಬಂದಾಗ ಏನೂ ಬದಲಾಗಿರಲಿಲ್ಲ. "ಆಡಿಟಿನ ಹಿಂದಿನ ವಾರ ನಿಮ್ಮ ಕೈ ಎಂತ ಮಾಡ್ತಾ ಇರ್ತದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬರೀತಾ ಇರ್ತದೆ."

ಆಮೇಲೆ ಒಂದೊಂದಾಗಿ ಬಂತು. ಬೀಜ ಒಡೆದ ಮೇಲೆ ತಿರುಳನ್ನು ಬೋರ್ಮದಲ್ಲಿ, ಅಂದರೆ ಬಿಸಿ ಗಾಳಿಯ ಕೋಣೆಯಲ್ಲಿ ಒಣಗಿಸುತ್ತಾರೆ. ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಪ್ಯಾಕ್ ಮಾಡುವಾಗ ತೇವಾಂಶ ಶೇ. 5 ದಾಟಬಾರದು. ದಾಟಿದರೆ ಬೂಸ್ಟು. ಪ್ರತಿ ಲಾಟಿಗೂ ಮೀಟರ್ ಇಟ್ಟು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಸೀಸನ್ನಿನ ಗಡಿಬಿಡಿಯಲ್ಲಿ ಯಾರೂ ಬರೆಯುವುದಿಲ್ಲ. ಆಡಿಟಿನ ಹಿಂದಿನ ವಾರ ವಿನಯಾ ಕೂತು ತಿಂಗಳುಗಟ್ಟಲೆ ಲೆಕ್ಕ ತುಂಬಿಸುತ್ತಾರೆ.

"ಮೂರು ಪೆನ್ನು ಇಟ್ಟುಕೊಳ್ತೇನೆ ಮೇಡಂ. ಎರಡು ನೀಲಿ, ಒಂದು ಕಪ್ಪು. ಒಂದೇ ಇಂಕಿದ್ರೆ ಗೊತ್ತಾಗ್ತದೆ ಅಲ್ವಾ."

4.2, 4.3, 4.1, ಪುನಃ 4.2. ಏಪ್ರಿಲ್ ಸೆಖೆಯಲ್ಲೂ ಅದೇ, ಜುಲೈ ಮಳೆಯಲ್ಲೂ ಅದೇ. ನಮ್ಮ ಕರಾವಳಿಯಲ್ಲಿ ಜುಲೈಯಲ್ಲಿ ಹಪ್ಪಳದ ಡಬ್ಬಿ ಒಂದು ಗಂಟೆ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುತ್ತದೆ. ಆ ರಿಜಿಸ್ಟರಿಗೆ ಮಾತ್ರ ಮಳೆಯೇ ಬರುವುದಿಲ್ಲ. ಆಡಿಟರ್ ಪುಟ ತಿರುಗಿಸುತ್ತಾರೆ, ಸಹಿ ನೋಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ.

ಅಲ್ಲಿಗೆ ನನಗೆ ವಿಷಯ ತಿಳಿಯಿತು. ಈ ಭಯ ಕಾಯಿಲೆ ಅಲ್ಲ. ಸುಳ್ಳು ಬರೆಯುವ ಕೈಗೆ ಆಗಬೇಕಾದ ಭಯವೇ ಆಗುತ್ತಿದೆ. ಅದನ್ನು ಉಸಿರಾಟದಿಂದ ಕಡಿಮೆ ಮಾಡಿಸುವುದು ಸರಿಯೂ ಅಲ್ಲ. ಹಾಗೆಯೇ ಅವರಿಗೆ ಹೇಳಿದೆ. ಅತ್ತರು. ಹಗುರಾಗಿ ಅತ್ತರು ಅನ್ನಿಸಿತು.

ಆಡಿಟ್ ನಡೆಯುವುದು ಐಎಸ್‌ಒ 9001 ಎಂಬ ಗುಣಮಟ್ಟ ನಿರ್ವಹಣೆಯ ಸರ್ಟಿಫಿಕೇಟಿಗಾಗಿ. ಅದು ಅಂದರೆ ನನಗೆ ಗೇಟಿನ ಮೇಲಿನ ಬೋರ್ಡು, ಅಷ್ಟೆ. ನಿಯಮ ನಿಜವಾಗಿ ಏನು ಕೇಳುತ್ತದೆ ಎಂದು ಓದಿಕೊಂಡು ಬರಲು ಹೇಳಿದೆ. ಮುಂದಿನ ವಾರ 2015ರ ಆವೃತ್ತಿಯ 9.2ನೇ ಭಾಗವನ್ನು ಅವರೇ ನನಗೆ ಪಾಠ ಮಾಡಿದರು. ಒಳಗಿನ ಆಡಿಟನ್ನು, ಅಂದರೆ ಕಾರ್ಖಾನೆಯವರು ತಾವೇ ಮಾಡಿಕೊಳ್ಳುವ ತಪಾಸಣೆಯನ್ನು, ಹೊರಗಿನವರು ಬರುವ ಮೊದಲು ಒಂದೇ ವಾರದಲ್ಲಿ ಮುಗಿಸಿ ಎಂದು ಅಲ್ಲೆಲ್ಲೂ ಇಲ್ಲ. ಯಾವ ಕೆಲಸ ಮುಖ್ಯ, ಏನು ಬದಲಾಗಿದೆ, ಹಿಂದಿನ ಸಲ ಏನು ಸಿಕ್ಕಿತ್ತು ಎಂಬುದನ್ನು ನೋಡಿ ಯೋಜನೆ ಮಾಡಿ ಎಂದಿದೆ. ಪಕ್ಷಪಾತ ಇಲ್ಲದವರು ಮಾಡಬೇಕು ಎಂದಿದೆ. "ನಾನೇ ಬರೆದದ್ದನ್ನು ನಾನೇ ಆಡಿಟ್ ಮಾಡಿ ನಾನೇ ಸಹಿ ಹಾಕ್ತೇನಲ್ಲ ಮೇಡಂ," ಎಂದು ನಕ್ಕರು. ಆ ಕೋಣೆಯಲ್ಲಿ ಅವರ ಮೊದಲ ನಗು ಅದು.

ನಾನು ಕೊಟ್ಟ ಸಲಹೆ ಇಷ್ಟು. ಇವತ್ತಿನಿಂದ ಹಿಂದಿನ ತಾರೀಕಿಗೆ ಒಂದು ಅಂಕಿಯನ್ನೂ ಬರೆಯಬೇಡಿ. ಖಾಲಿ ಇದ್ದದ್ದು ಖಾಲಿ ಇರಲಿ. ಪಕ್ಕದಲ್ಲಿ "ಅಳತೆ ಮಾಡಿಲ್ಲ" ಎಂದು ಬರೆದು ಇವತ್ತಿನ ತಾರೀಕು ಹಾಕಿ. ಮೊದಲು ತುಂಬಿಸಿದ್ದನ್ನು ಧಣಿಗಳಿಗೆ ಬಾಯಿಬಿಟ್ಟು ಹೇಳಿ, ಆದರೆ ಒಬ್ಬರೇ ಇರುವಾಗ, ಬೆಳಿಗ್ಗೆ ಹೊತ್ತು. ಹೇಳುವ ಮಾತನ್ನು ನನ್ನೆದುರು ನಾಲ್ಕು ಸಲ ಹೇಳಿಸಿದೆ. ಮೊದಲ ಮೂರು ಸಲವೂ "ಸಾರಿ ಸರ್" ಎಂದೇ ಶುರು ಮಾಡಿದರು. ನಾಲ್ಕನೇ ಸಲ "ಸರ್, ನಮ್ಮ ಮಾಲು ಒದ್ದೆಯೋ ಒಣಗಿದೆಯೋ ನಮಗೇ ಗೊತ್ತಿಲ್ಲ" ಎಂದು ಶುರು ಮಾಡಿದರು. ಅದೇ ಇರಲಿ ಎಂದೆ.

ಧಣಿಗಳು ಮೊದಲು ಸಿಟ್ಟಾದರು. ಸರ್ಟಿಫಿಕೇಟ್ ಹೋಗ್ತದೆ ಎಂದರು. ಸಣ್ಣ ಲೋಪ ಸಿಕ್ಕಿದರೆ ಸರ್ಟಿಫಿಕೇಟ್ ಹೋಗುವುದಿಲ್ಲ, ಕಾರಣ ಹುಡುಕಿ ಸರಿ ಮಾಡಿ ತೋರಿಸಲು ಸಮಯ ಕೊಡುತ್ತಾರೆ ಎಂದು ವಿನಯಾ ಹೇಳಿದರಂತೆ. ಎರಡು ದಿನ ಮಾತಿಲ್ಲ. ಮೂರನೇ ದಿನ "ಎಂತ ಮಾಡ್ಬೇಕು ಹೇಳಿ" ಎಂದರಂತೆ. ಆ ಸಲ ಹೊರಗಿನ ಆಡಿಟರ್ ಆ ಖಾಲಿ ಜಾಗಗಳನ್ನು ಸಣ್ಣ ಲೋಪ ಎಂದೇ ಬರೆದು ಹೋದರು. ಆ ರಾತ್ರಿಯೂ ವಿನಯಾಗೆ ನಿದ್ದೆ ಬರಲಿಲ್ಲ. ಅದನ್ನೂ ಹೇಳಬೇಕು. ಸರಿಯಾಗಿ ನಿದ್ದೆ ಬರಲು ಇನ್ನೂ ಎರಡು ತಿಂಗಳು ಬೇಕಾಯಿತು.

ಈಗ ಅಲ್ಲಿ ಒಳಗಿನ ಆಡಿಟ್ ವರ್ಷವಿಡೀ ಚೂರು ಚೂರಾಗಿ ನಡೆಯುತ್ತದೆ. ಬೋರ್ಮದ್ದು ಮಳೆಗಾಲದಲ್ಲಿ ಜಾಸ್ತಿ. ಅದನ್ನು ಸ್ಟೋರಿನವರು ನೋಡುತ್ತಾರೆ, ಸ್ಟೋರನ್ನು ವಿನಯಾ. ಫೈಲು ತೆರೆಯುವ ಮೊದಲು ಅರ್ಧ ಗಂಟೆ ಕೆಲಸದ ಜಾಗದಲ್ಲಿ ನಿಲ್ಲಬೇಕು. ಮೀಟರ್ ಹಿಡಿದವರಲ್ಲಿ, "ಇದು ಐದು ದಾಟಿದ್ರೆ ಎಂತ ಮಾಡ್ತೀರಿ?" ಎಂದು ಕೇಳಬೇಕು. ಮೊದಲ ಸಲ ಕೇಳಿದಾಗ ಒಬ್ಬಳು, "ಇನ್ನೊಮ್ಮೆ ಇಟ್ಟು ನೋಡ್ತೇನೆ, ಕಡಿಮೆ ಬರುವವರೆಗೆ," ಎಂದಳಂತೆ. ಅವಳನ್ನು ಯಾರೂ ಬೈಯಲಿಲ್ಲ. ಬೈಯಬಾರದು ಎಂದು ಮೊದಲೇ ಮಾತಾಗಿತ್ತು.

ಮುಂದಿನ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ವಿನಯಾ ಕೊನೆಯ ಸಲ ಬಂದರು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು, ಕಾರ್ಖಾನೆ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು. ರಿಜಿಸ್ಟರಿನ ಪುಟ. ಒಂದು ಮೂಲೆ ಒದ್ದೆಯಾಗಿ ಇಂಕು ಹರಡಿತ್ತು. ಒಂದು ಸಾಲಿನಲ್ಲಿ 5.4, ಪಕ್ಕದಲ್ಲಿ ಬೇರೆ ಯಾರದೋ ದಪ್ಪ ಅಕ್ಷರದಲ್ಲಿ "ಪುನಃ ಬೋರ್ಮಕ್ಕೆ ಹಾಕಿದೆ." ಅದರ ಕೆಳಗಿನ ಸಾಲು ಖಾಲಿ. "ಮೀಟರ್ ಬ್ಯಾಟರಿ ಮುಗಿದಿತ್ತು."