ಲಾರಾಳ ಚೆಕ್ಕು

‘ಫೆರಾರಿ’ ಚಿತ್ರದ ಬಗ್ಗೆ ನಿಮ್ಮ ಪತ್ರದಲ್ಲಿ ಎರಡು ತಕರಾರುಗಳಿವೆ. ಕಾರುಗಳ ಓಟ ನೋಡೋಣವೆಂದು ಕುಳಿತರೆ ಗಂಡ ಹೆಂಡಿರ ಜಗಳವನ್ನೇ ತೋರಿಸಿದರು ಎಂಬುದು ಒಂದು. ಕೊನೆಯ ಅಪಘಾತವನ್ನು ಅಷ್ಟು ಘೋರವಾಗಿ ತೋರಿಸಬಾರದಿತ್ತು ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ತಕರಾರು ಬೇರೆಯೇ ಇದೆ.

ಆ ಮನೆಯ ಜಗಳವೇ ಫೆರಾರಿ ಕಾರು ಕಂಪನಿಯ ಜಗಳ. ಮೈಕೆಲ್ ಮಾನ್ ನಿರ್ದೇಶನದ 2023ರ ಈ ಚಿತ್ರ ನಡೆಯುವುದು 1957ರಲ್ಲಿ. ಆ ಕಂಪನಿ ಕಟ್ಟಿದ ಎಂಜೊ ಫೆರಾರಿ ಮತ್ತು ಲಾರಾ ದಂಪತಿಯ ಒಬ್ಬನೇ ಮಗ ಡಿನೊ ಹಿಂದಿನ ವರ್ಷವಷ್ಟೇ, 24ನೇ ವಯಸ್ಸಿನಲ್ಲಿ, ಸ್ನಾಯುಕ್ಷಯದಿಂದ ತೀರಿಕೊಂಡಿದ್ದ. ಕಾರುಗಳ ಮಾರಾಟ ಅಷ್ಟಕ್ಕಷ್ಟೆ, ರೇಸಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಚಿತ್ರದಲ್ಲಿ ಹೊರಗಿನ ಬಂಡವಾಳ ತರಬೇಕಾದರೆ ಲಾರಾಳ ರುಜು ಬೇಕು, ಏಕೆಂದರೆ ಅರ್ಧ ಪಾಲು ಆಕೆಯದು. ಆಕೆ ಕೇಳುವುದು ಐದು ಲಕ್ಷ ಡಾಲರಿನ ಚೆಕ್ಕು. ಅದನ್ನು ಬ್ಯಾಂಕಿಗೆ ಹಾಕಿದರೆ ಕಾರ್ಖಾನೆಗೆ ಬೀಗ. ಗಂಡನಿಗೆ ಲೀನಾ ಲಾರ್ಡಿಯೊಂದಿಗೆ ಇನ್ನೊಂದು ಸಂಸಾರವಿದೆ, ಪಿಯೆರೊ ಎಂಬ ಮಗನಿದ್ದಾನೆ ಎಂದು ತಿಳಿಯುವುದೂ ಆ ಹೊತ್ತಿನಲ್ಲೇ. ಇಟಲಿಗೆ ವಿಚ್ಛೇದನದ ಕಾನೂನು ಬಂದದ್ದು 1970ರಲ್ಲಿ. ಬಿಟ್ಟು ಹೋಗುವ ಮಾತೇ ಇಲ್ಲ. ನಮ್ಮೂರುಗಳ ಅಕ್ಕಿ ಗಿರಣಿ, ಜವಳಿ ಅಂಗಡಿಗಳ ಪಾಲುಪತ್ರ ಕಂಡವರಿಗೆ ಇಂಥ ರುಜುವಿನ ತೂಕ ಹೇಳಿಕೊಡಬೇಕಿಲ್ಲ. ಲಾರಾಳ ಪಾತ್ರದ ಪೆನೆಲೊಪೆ ಕ್ರೂಜ್ ಕಣ್ಣಿನಲ್ಲೇ ಲೆಕ್ಕ ಕೇಳುವಾಗ ನನಗಂತೂ ಕಾರುಗಳ ನೆನಪೇ ಬರಲಿಲ್ಲ. (ಎಲ್ಲರೂ ಇಟಲಿಯ ಧಾಟಿಯಲ್ಲಿ ಇಂಗ್ಲಿಷ್ ಮಾತನಾಡುವುದನ್ನು ಮಾತ್ರ ಸಹಿಸಿಕೊಳ್ಳಬೇಕು.)

ಓಟ ಇಲ್ಲವೆಂದಿರಿ. ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗ ದೂರದ ಟ್ರ್ಯಾಕಿನಿಂದ ಓಟ ಶುರುಮಾಡುವ ಪಿಸ್ತೂಲಿನ ಸದ್ದು ಕೇಳಿಬರುತ್ತದೆ. ಎಂಜೊ ಮತ್ತು ಅವನ ಕಡೆಯವರು ಮೆಲ್ಲಗೆ ಸ್ಟಾಪ್‌ವಾಚ್ ಹೊರತೆಗೆದು ಎದುರಾಳಿ ಕಂಪನಿ ಮಸೆರಾಟಿಯ ಕಾರಿನ ವೇಗವನ್ನು ಲೆಕ್ಕ ಹಾಕುತ್ತಾರೆ! ಕಾರು ಕಾಣದ ಆ ದೃಶ್ಯಕ್ಕಿಂತ ದೊಡ್ಡ ಓಟ ಬೇಕೆ?

ಇನ್ನು ಅಪಘಾತ. ಮಿಲ್ಲೆ ಮಿಲ್ಯಾ ಎಂದರೆ ಬ್ರೆಷಾದಿಂದ ರೋಮಿಗೆ ಹೋಗಿ ಮರಳುತ್ತಿದ್ದ, ಸುಮಾರು 1600 ಕಿಲೋಮೀಟರಿನ ಓಟ. ಅದೂ ಊರುಗಳ ನಡುವಿನ ಸಾಮಾನ್ಯ ರಸ್ತೆಯಲ್ಲಿ. 1957ರ ಮೇ 12ರಂದು ಗ್ವಿದಿತ್ಸೋಲೊ ಬಳಿ ಫೆರಾರಿ ತಂಡದ ಚಾಲಕ ಅಲ್ಫೋನ್ಸೊ ದೆ ಪೋರ್ತಾಗೊನ ಕಾರಿನ ಟೈರು ಸಿಡಿಯಿತು. ಆತ, ಜೊತೆಗಿದ್ದ ಎಡ್ಮಂಡ್ ನೆಲ್ಸನ್, ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಒಂಬತ್ತರಲ್ಲಿ ಐವರು ಮಕ್ಕಳು. ಅಂದಿನ ಓಟ ಗೆದ್ದದ್ದೂ ಫೆರಾರಿ ಕಾರೇ, ಓಡಿಸಿದವನು ಪಿಯೆರೊ ತಾರೂಫಿ. ಗೆದ್ದ ಕಾರನ್ನು ತೋರಿಸಿ ರಸ್ತೆ ಬದಿಯವರನ್ನು ಹೊಗೆಯಲ್ಲಿ ಮರೆಮಾಡಿದ್ದರೆ ಅದು ಕಂಪನಿಯ ಜಾಹೀರಾತು ಆಗುತ್ತಿತ್ತು. ಆ ಮಕ್ಕಳು ನಮ್ಮ ಕಣ್ಣಿಗೆ ಬೀಳಲೇಬೇಕಿತ್ತು.

ನನ್ನ ತಕರಾರು ಇಲ್ಲಿಂದ ಶುರು. ಈ ಸಾವುಗಳಿಗಾಗಿ ಎಂಜೊನ ಮೇಲೆ ಮೊಕದ್ದಮೆ ಹೂಡಲಾಯಿತು; ಖುಲಾಸೆಯಾದದ್ದು 1961ರಲ್ಲಿ. ಚಿತ್ರ ಆ ನಾಲ್ಕು ವರ್ಷಗಳ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಚರ್ಚಿನಲ್ಲಿ ಕುಳಿತೇ ಎದುರಾಳಿಯ ಸೆಕೆಂಡುಗಳನ್ನು ಎಣಿಸುತ್ತಿದ್ದ ಮನುಷ್ಯ ಒಂದು ತೀರ್ಪಿಗಾಗಿ ನಾಲ್ಕು ವರ್ಷ ಹೇಗೆ ಕಾದ ಎಂಬುದನ್ನು ನಾನು ನೋಡಬೇಕಿತ್ತು.

— ಸಂ.