‘ಮಾರ್ಜಿನ್ ಕಾಲ್’ ಚಿತ್ರವನ್ನು ವಿಮರ್ಶಕರು ಅಷ್ಟೊಂದು ಮೆಚ್ಚಿದ್ದೇಕೆ? ಶಿರಸಿಯ ನಮ್ಮ ಬಳಗಕ್ಕೆ ಅದು ನಿಧಾನ ಎನಿಸಿತು

ನಿಧಾನ ಎನ್ನುವುದು ನಿಜ. ಥ್ರಿಲ್ಲರ್ ಆದರೂ ಇದರಲ್ಲಿ ಕೊಲೆಯಿಲ್ಲ, ಬೆನ್ನಟ್ಟುವ ದೃಶ್ಯವಿಲ್ಲ. 2011ರಲ್ಲಿ ತೆರೆಕಂಡ ಇದು ಜೆ.ಸಿ. ಚಾಂಡರ್ ನಿರ್ದೇಶಿಸಿದ ಮೊದಲ ಕಥಾಚಿತ್ರ. ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ವಿಮರ್ಶಕರಿಗೆ ಹಿಡಿಸಿದ್ದು, ದುರಾಸೆಯನ್ನು ಒಬ್ಬ ಖಳನಾಯಕನ ತಲೆಗೆ ಕಟ್ಟದೆ ಸಂಬಳ, ಬೋನಸ್‌ಗಳ ಲೆಕ್ಕದಲ್ಲಿ ಸಿಲುಕಿದ ಎಲ್ಲರಲ್ಲೂ ತೋರಿಸಿದ ರೀತಿ. ಗೃಹಸಾಲಗಳನ್ನು ಆಧರಿಸಿದ ತನ್ನ ಹೂಡಿಕೆ ಪತ್ರಗಳು ಕುಸಿಯಲಿವೆ ಎಂದು ರಾತ್ರಿ ಅರಿತ ಬ್ಯಾಂಕು, ಬೆಳಗಾಗುತ್ತಲೇ ಅವನ್ನು ಏನೂ ತಿಳಿಯದ ಗ್ರಾಹಕರಿಗೆ ಮಾರತೊಡಗುತ್ತದೆ. ಅಡಿಕೆ ವ್ಯಾಪಾರ ಬಲ್ಲ ಶಿರಸಿಯವರಿಗೆ ಇದರ ಕ್ರೌರ್ಯ ಬೇಗನೆ ತಟ್ಟಬೇಕು: ಹುಳು ಹಿಡಿದದ್ದು ಗೊತ್ತಿದ್ದೂ ಆ ಮೂಟೆಗಳನ್ನು ಖಾಯಂ ಖರೀದಿದಾರನಿಗೇ ದಾಟಿಸಿದರೆ ಮತ್ತೆ ಅವನು ನಮ್ಮ ಬಳಿ ಬರುತ್ತಾನೆಯೇ? ಕೆವಿನ್ ಸ್ಪೇಸಿಯ ಪಾತ್ರ ಎತ್ತುವ ಆಕ್ಷೇಪವೂ ಇದೇ.

ಅಭಿನಯಕ್ಕೂ ದೊಡ್ಡ ಮೆಚ್ಚುಗೆ ಸಿಕ್ಕಿತು. ಮುಖ್ಯಸ್ಥನಾಗಿ ಜೆರೆಮಿ ಐರನ್ಸ್, ವಿಷಯವನ್ನು ಸರಳವಾಗಿ ಹೇಳು ಎಂದು ಕಿರಿಯ ನೌಕರನನ್ನು ಕೇಳುವ ನಡುರಾತ್ರಿಯ ಸಭೆಯೇ ಚಿತ್ರದ ಜೀವಾಳ ಎಂದು ನನ್ನ ಖಚಿತ ಅಭಿಪ್ರಾಯ. ಯಾರೂ ದನಿ ಎತ್ತರಿಸುವುದಿಲ್ಲ, ಆದರೂ ಎದೆ ಬಿಗಿಯುತ್ತದೆ. ಬಳಗದವರೊಂದಿಗೆ ಆ ಒಂದು ದೃಶ್ಯವನ್ನಾದರೂ ದಯವಿಟ್ಟು ಮತ್ತೊಮ್ಮೆ ನೋಡಿ.