ಸಿಂಧನೂರಾಗ ಇದ್ಕೊಂಡು ಡುಕಾಟಿ, ಟ್ರಯಂಫ್ ತರದ ದೊಡ್ಡ ಬೈಕ್ ಇಟ್ಕೊಳ್ಳೋದು ಸರಿನಾ?

ನಿಮ್ಮ ಪ್ರಶ್ನೆ ಓದಿದೆ ಬ್ರದರ್. ಸಿಂಧನೂರಾಗ ಇರ್ತೀರಿ, ಈಗ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಐತಿ, 15 ಲಕ್ಷ ಹೊಂದಿಸಿ ಡುಕಾಟಿ ಮಾನ್‌ಸ್ಟರ್ ಇಲ್ಲಾಂದ್ರ ಟ್ರಯಂಫ್ ಸ್ಟ್ರೀಟ್ ಟ್ರಿಪಲ್ ತಗೋಬೇಕಂತ ಆಸೆ, ಮನ್ಯಾಗ ಅಪ್ಪಾಜಿ "ಆ ರೊಕ್ಕದಾಗ ಟ್ರ್ಯಾಕ್ಟರ್ ಬರ್ತೈತಿ" ಅನ್ನಾಕತ್ತಾರ, ಇಟ್ಕೊಂಡೋರು ಯಾರಾದ್ರೂ ಇದ್ರ ಲಾಭ ನಷ್ಟ ಹೇಳ್ರಿ ಅಂತ ಕೇಳೀರಿ. ನಾನು ಗಂಗಾವತಿಯಾಂವ, ಕೆಲವು ವರ್ಷದಿಂದ ಯುರೋಪಿನ ಒಂದು ಎರಡು ಸಿಲಿಂಡರ್ ಗಾಡಿ ಇಟ್ಕೊಂಡೀನಿ. ಕಂಪನಿ ಹೆಸರು ಮಾತ್ರ ಕೇಳಬ್ಯಾಡ್ರಿ, ನಮ್ಮ ಕೊಪ್ಪಳ ಜಿಲ್ಲಾದ ಕೆಎ 37 ನಂಬರಿನಾಗ ಅಂಥ ಗಾಡಿ ಬೆರಳೆಣಿಕೆ ಅದಾವ, ಹೆಸರು ಬರದ್ರ ಸಂಜಿ ಒಳಗ ನಾನ್ಯಾರು ಅಂತ ಊರಿಗೆಲ್ಲ ಗೊತ್ತಾಗ್ತೈತಿ.

ಎಲ್ರೂ ಮೊದ್ಲು ರೇಟಿನ ಮಾತು ತಗೀತಾರ. ನಾನು ದೂರ ಮೊದ್ಲು ನೋಡ್ರಿ ಅಂತೀನಿ. ಈ ದೊಡ್ಡ ಗಾಡಿಗಳ ಶೋರೂಮ್, ಸರ್ವಿಸ್ ಅಂದ್ರ ನಮಗ ಬೆಂಗಳೂರು ಇಲ್ಲಾಂದ್ರ ಹೈದರಾಬಾದ್, ನಿಮ್ಮೂರಿಂದ ಬೆಂಗಳೂರು 400 ಕಿ.ಮೀ. ಹತ್ರ ಆಗ್ತೈತಿ, ರಾಯಚೂರ್ ಮ್ಯಾಲ ಹಾಸಿ ಹೈದರಾಬಾದ್‌ಗೆ ಹೋದ್ರ 300ರ ಆಸುಪಾಸು. ಮಾಮೂಲಿ ಸರ್ವಿಸ್‌ಗೆ ಇದು ದೊಡ್ಡ ತಾಪತ್ರಯ ಅಲ್ಲ, ಯಾಕಂದ್ರ ಡುಕಾಟಿಗೆ ಆಯಿಲ್ ಸರ್ವಿಸ್ 15,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಅಂದ್ರ ನಮ್ಮಂಥೋರಿಗೆ ವರ್ಷಕ್ಕೊಂದು ಸಲ, ಗಾಡಿ ಬಿಟ್ಟು ಬಸ್ ಹತ್ತಿ ಬಂದು ಆಮ್ಯಾಲ ಹೋಗಿ ತರೋದು, ಅದನ್ನೂ ಒಂದು ರೈಡ್ ಅಂತ ಲೆಕ್ಕ ಹಿಡದ್ರ ಮುಗೀತು. ತಲಿನೋವು ಇರೋದು ನಡುವ ಏನಾರ ಆದಾಗ.

ನಂದೊಂದು ಹೇಳ್ತೀನಿ. ಕಾರಟಗಿ ದಾಟಿ ಬರ್ತಿದ್ದೆ, ಭತ್ತದ ನಾಟಿ ಟೈಮು, ಗದ್ದಿಯಿಂದ ಹೊರಗ ಬಂದ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಕೆಸರು ಚೆಲ್ಲಿದ್ದುವು. ಚಾ ಕುಡ್ಯಾಕ ನಿಲ್ಲಿಸಿದೆ, ಮತ್ತ ಚಾಲೂ ಮಾಡಿ ಗೇರಿಗೆ ಹಾಕಿದ್ರ ಸಾಕು ಗಾಡಿ ಆಫ್. ನ್ಯೂಟ್ರಲ್‌ನಾಗ ಚಾಲೂ ಆಗ್ತೈತಿ, ಗೇರಿಗೆ ಹಾಕಿದ್ರ ಆಫ್. ಸರ್ವಿಸ್ ಸೆಂಟರ್‌ಗೆ ಫೋನ್ ಹಚ್ಚಿದ್ರ "ಸರ್ ಪಿಕಪ್‌ನಾಗ ಹಾಕಿ ಕಳಿಸಿ ಬಿಡಿ" ಅಂದ್ರು, ಪಿಕಪ್‌ನಾಂವ ಬೆಂಗಳೂರಿಗೆ ಕೇಳಿದ ಬಾಡಿಗಿ ಕೇಳಿ ನಾನು ಅಲ್ಲೇ ಕುಂತೆ. ಕೊನಿಗೆ ಅಲ್ಲೇ ಇದ್ದ ಒಬ್ಬ ಮೆಕ್ಯಾನಿಕ್, ದಿನಾ ಸ್ಪ್ಲೆಂಡರ್ ಬಿಚ್ಚೋ ಮನುಷ್ಯ, ಬಗ್ಗಿ ನೋಡಿ ಸೈಡ್ ಸ್ಟ್ಯಾಂಡಿನ ಸ್ವಿಚ್‌ನಾಗ ಕೆಸರು ಕುಂತೈತಿ, ಸ್ಟ್ಯಾಂಡ್ ಎತ್ತಿದ್ರೂ ಗಾಡಿಗೆ ಇಳದಂಗ ಕಾಣಾಕತ್ತೈತಿ ಅಂತ ಹೇಳಿ ಪೆಟ್ರೋಲ್ ಹಾಕಿ ಬ್ರಷ್‌ನಾಗ ಉಜ್ಜಿದ, ಮುಗೀತು. ಅದಕ್ಕ ಊರ ಮೆಕ್ಯಾನಿಕ್‌ಗೆ ಏನೂ ಬರಂಗಿಲ್ಲ ಅನ್ನೋ ಮಾತು ನಾನು ಒಪ್ಪಂಗಿಲ್ಲ. ಆದ್ರ ಎಬಿಎಸ್ (ಬ್ರೇಕ್ ಹಿಡದಾಗ ಗಾಲಿ ಜಾಮ್ ಆಗದಂಗ ನೋಡ್ಕೊಳ್ಳೋದು) ಲೈಟು, ಎಂಜಿನ್ ಲೈಟು ಹತ್ತಿತು ಅಂದ್ರ ಅಲ್ಲಿ ಬ್ರಷ್ ನಡಿಯಂಗಿಲ್ಲ, ಆ ಕಂಪನಿಯ ಸಾಫ್ಟ್‌ವೇರ್ ಇರೋ ಲ್ಯಾಪ್‌ಟಾಪ್ ಬೇಕು, ಪಾರ್ಟ್ ಇಲ್ಲಾಂದ್ರ ಹೊರದೇಶದಿಂದ ಬರೋತನಕ ಗಾಡಿ ಅಲ್ಲೇ, ಅದು ವಾರ ಆಗ್ಬಹುದು, ತಿಂಗಳೂ ಆಗ್ಬಹುದು.

ಎರಡನೇದು ಬಿಸಿಲು. ರಾಯಚೂರ್ ಬಿಸಿಲು ನಿಮಗ ನಾನೇನ್ ಹೇಳೋದು, ಏಪ್ರಿಲ್ ಮೇನಾಗ 40 ದಾಟೋದು ಮಾಮೂಲಿ. ಮಾನ್‌ಸ್ಟರ್‌ದು ಎಲ್-ಟ್ವಿನ್ ಎಂಜಿನ್, ಒಂದು ಸಿಲಿಂಡರ್ ಮುಂದ ಇದ್ರ ಇನ್ನೊಂದು ಸೀಟಿನ ಕೆಳಗ, ಸೀದಾ ತೊಡಿ ಹತ್ರ. ಸಿಗ್ನಲ್‌ನಾಗ, ಸಂತಿ ದಿನ ಗಾಂಧಿ ಸರ್ಕಲ್ ಟ್ರಾಫಿಕ್‌ನಾಗ ಸಿಕ್ಕೊಂಡ್ರ ಜೀನ್ಸ್ ಒಳಗ ರೊಟ್ಟಿ ಹಂಚು ಇಟ್ಟಂಗ ಆಗ್ತೈತಿ. ಡುಕಾಟಿಯವ್ರಿಗೂ ಇದು ಗೊತ್ತಿಲ್ಲ ಅಂತಲ್ಲ, ಮಲ್ಟಿಸ್ಟ್ರಾಡಾ ವಿ4ನಾಗ ಗಾಡಿ ನಿಂತಾಗ ಹಿಂದಿನ ಸಿಲಿಂಡರ್‌ಗಳು ತಾವೇ ಬಂದಾಗೋ ಹಂಗ ಮಾಡ್ಯಾರ, ಮಾನ್‌ಸ್ಟರ್‌ನಾಗ ಆ ಸೌಕರ್ಯ ಇಲ್ಲ. ಸ್ಟ್ರೀಟ್ ಟ್ರಿಪಲ್‌ದು ಮೂರೂ ಸಿಲಿಂಡರ್ ಅಡ್ಡಲಾಗಿ ಮುಂದ ಕುಂತಿರ್ತಾವ, ಹಂಗಾಗಿ ತೊಡಿ ಬಚಾವ್, ಬಿಸಿ ಗಾಳಿ ಬಡಿಯೋದು ಬ್ಯಾರೆ ಮಾತು. ಯಾವ್ದೇ ತಗೊಂಡ್ರೂ ನಮ್ಮ ಕಡೆ ಬೇಸಿಗ್ಯಾಗ ರೈಡ್ ಅಂದ್ರ ಬೆಳಗಿನ ಐದಕ್ಕ ಎದ್ದು ಒಂಬತ್ತಕ್ಕ ಮನಿ ಸೇರೋದು, ಅಕ್ಟೋಬರ್ ಬಂದ ಮ್ಯಾಲೇ ಖರೆ ಮಜಾ.

ಸುಗ್ಗಿ ಬಂತಂದ್ರ ಮತ್ತೊಂದು ಕಾಟ. ಎಡದಂಡೆ ಕಾಲುವೆ ಸೀಮ್ಯಾಗ ಭತ್ತ ಎಲ್ಲಿ ಒಣಗಿಸ್ತಾರ ಅಂತ ನಿಮಗ ಗೊತ್ತೈತಿ, ಅರ್ಧ ರಸ್ತೆ ಭತ್ತ, ಅದಕ್ಕ ಸುತ್ತ ಕಲ್ಲು, ಕತ್ತಲಾದ್ರ ಕಾಣಂಗಿಲ್ಲ. ಭತ್ತದ ಮ್ಯಾಲ 180 ಎಂ.ಎಂ. ಅಗಲದ ಟೈರ್ ಹತ್ತಿದ್ರ, ಗಾಲಿ ಜಾರದಂಗ ತಡಿಯೋ ಟ್ರ್ಯಾಕ್ಷನ್ ಕಂಟ್ರೋಲೂ ದೇವ್ರನ್ನ ನೆನೀತೈತಿ. ಬಣ್ಣ ಬಳಿದಿಲ್ಲದ ಹಂಪ್ಸ್ ಅಂತೂ ಊರಿಗೆ ನಾಕು. ಅದಕ್ಕ ನಮ್ಮ ಸೀಮಿಗೆ ಈ ನೇಕೆಡ್ (ಮುಂದ ಮೈಗೆ ಕವರ್ ಇಲ್ಲದ) ಗಾಡಿಗಿಂತ 19 ಇಂಚಿನ ಮುಂದಿನ ಗಾಲಿ, ಉದ್ದ ಸಸ್ಪೆನ್ಷನ್ ಇರೋ ಅಡ್ವೆಂಚರ್ ಗಾಡಿ ಸರಿ ಅಂತ ನನ್ನ ಅಭಿಪ್ರಾಯ, ನೀವು ಕೇಳಿಲ್ಲ, ಆದ್ರೂ ಹೇಳಿದೆ.

ಈಗ ರೊಕ್ಕ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮ್ಯಾಲಿನ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗೈತಿ, ಮೊದ್ಲು ಸೆಸ್ ಸೇರಿ 31 ಇತ್ತು. ಕರ್ನಾಟಕದಾಗ ಒಂದು ಲಕ್ಷ ದಾಟಿದ ಬೈಕಿಗೆ ರೋಡ್ ಟ್ಯಾಕ್ಸ್ 18 ಪರ್ಸೆಂಟ್, ಅಂದ್ರ 12 ಲಕ್ಷದ ಗಾಡಿಗೆ ಟ್ಯಾಕ್ಸ್ ಒಂದೇ 2 ಲಕ್ಷ 16 ಸಾವಿರ, ಅದರ ಮ್ಯಾಲ ಸೆಸ್, ಆಮ್ಯಾಲ ಇನ್ಶೂರೆನ್ಸ್. ನಿಮ್ಮ 15 ಲಕ್ಷ ಅಲ್ಲೇ ಖಾಲಿ, ಹೆಲ್ಮೆಟ್ ಜಾಕೆಟ್‌ಗೆ ಮತ್ತ ಕೈ ಚಾಚ್ಬೇಕು. ಇನ್ಶೂರೆನ್ಸ್‌ನವ್ರು ಗಾಡಿ ಬೆಲಿ ಎರಡನೇ ವರ್ಷಕ್ಕ 20, ಮೂರನೇ ವರ್ಷಕ್ಕ 30 ಪರ್ಸೆಂಟ್ ಇಳಿಸಿ ಹಿಡೀತಾರ, ಕ್ಲೇಮ್‌ನಾಗ ಪ್ಲಾಸ್ಟಿಕ್ಕು ರಬ್ಬರಿಗೆ ಅರ್ಧ ಕಡಿತ, ಅದಕ್ಕ ಝೀರೋ ಡೆಪ್ (ಈ ಸವಕಳಿ ಕಡಿತ ಮಾಡದ ಕವರ್) ಇಲ್ಲದ ಪಾಲಿಸಿ ಮಾಡಿಸಬ್ಯಾಡ್ರಿ, ನಿಂತ ಗಾಡಿ ಬಿದ್ರೂ ಲಿವರು, ಇಂಡಿಕೇಟರು, ರೇಡಿಯೇಟರ್ ಕವರ್ ಅಂತ ಬಿಲ್ ಬೆಳೀತೈತಿ. ಇನ್ನ ಡುಕಾಟಿ ಮಾನ್‌ಸ್ಟರ್‌ನ 937 ಸಿಸಿ ಎಂಜಿನ್‌ದು ಡೆಸ್ಮೊ ವಾಲ್ವ್, ಅಂದ್ರ ವಾಲ್ವ್ (ಎಂಜಿನ್ನಿಗೆ ಗಾಳಿ ಬಿಡೋ, ಹೊಗಿ ಹೊರಗ ಹಾಕೋ ಬಾಗಿಲು) ಮುಚ್ಚಾಕ ಸ್ಪ್ರಿಂಗ್ ಬದ್ಲು ಇನ್ನೊಂದು ರಾಕರ್ ಅನ್ನೋ ತೋಳು ಇರ್ತೈತಿ, ಎಂಟು ವಾಲ್ವಿಗೂ ತೆರೆಯೋ ಸಂದು ಬ್ಯಾರೆ, ಮುಚ್ಚೋ ಸಂದು ಬ್ಯಾರೆ ಅಳೀಬೇಕು. 30,000 ಕಿ.ಮೀ.ಗೆ ಬರೋ ಆ ಕೆಲಸಕ್ಕ ಕೂಲಿ ತಾಸಿನ ಲೆಕ್ಕದಾಗ ಬೀಳ್ತೈತಿ.

ಇಷ್ಟೆಲ್ಲ ಇದ್ರೂ ಯಾಕ ಇಟ್ಕೊಂಡೀಯಪ್ಪ ಅಂತ ಕೇಳ್ಬಹುದು. ಕುಷ್ಟಗಿಯಿಂದ ಹೊಸಪೇಟೆ, ಅಲ್ಲಿಂದ ಚಿತ್ರದುರ್ಗದತನಕ ಎನ್‌ಎಚ್ 50 ನಾಕು ಲೇನ್ ಐತಲ್ಲ, ಡಿಸೆಂಬರ್ ಬೆಳಗ್ಗೆ ಅದರ ಮ್ಯಾಲ ಗಾಡಿ ಆರನೇ ಗೇರ್‌ನಾಗ ನೂರರ ಹತ್ರ ಸುಮ್ಮನ ಗುನುಗ್ತಾ ಹೋಗ್ತಿರ್ತೈತಿ, ಮುಂದ ಅದಿರು ಲಾರಿ ಸಾಲು ಬಂತು, ಗೇರ್ ಇಳಿಸೋದೂ ಬ್ಯಾಡ, ಆಕ್ಸಿಲರೇಟರ್ ಸ್ವಲ್ಪ ತಿರುವಿದ್ರ ದಾಟಿ ಮುಂದ ಇರ್ತೀರಿ, ಎದುರಿಂದ ಎಮ್ಮಿ ಅಡ್ಡ ಬಂದ್ರ ಎರಡು ಬೆರಳಿನ ಬ್ರೇಕಿಗೆ ಗಾಡಿ ನೆಟ್ಟಗ ನಿಂತ್ಬಿಡ್ತೈತಿ. ತಿರುವಿನ್ಯಾಗ ಬ್ರೇಕ್ ಹಿಡದ್ರೂ ಗಾಡಿ ಎಷ್ಟು ವಾಲೈತಿ ಅಂತ ಅಳದು ಎಬಿಎಸ್ ಕೆಲಸ ಮಾಡ್ತೈತಿ, ಒಮ್ಮೆ ಮರಳು ಬಿದ್ದ ತಿರುವಿನ್ಯಾಗ ಅದರ ಬೆಲಿ ನನಗ ಗೊತ್ತಾತು. ಮುನ್ನೂರು ಕಿ.ಮೀ. ಹೊಡದು ಇಳದ್ರೂ ಕೈ ಜುಮ್ ಅನ್ನಂಗಿಲ್ಲ. ಅದೇ ಆನೆಗುಂದಿ, ಸಾಣಾಪುರ ಕಡೆ ಸಣ್ಣ ರಸ್ತ್ಯಾಗ ನಿಮ್ಮ ಕ್ಲಾಸಿಕ್ಕೇ ರಾಜ, ಅಲ್ಲಿ ದೊಡ್ಡ ಗಾಡಿ ಬರೇ ಭಾರ. ಚಾ ಅಂಗಡಿ ಮುಂದ ನಿಲ್ಲಿಸಿದ್ರ ಹತ್ತು ಮಂದಿ ಸೇರಿ ಕೇಳೋದು ಒಂದೇ, "ಎಷ್ಟು ಕೊಡ್ತೈತಿ?" ನಾನು ಹದಿನೆಂಟು ಅಂದಾಗ ಅವ್ರ ಮುಖ ನೋಡ್ಬೇಕು ನೀವು.

ಹಂಗಾದ್ರ ಏನ್ ಮಾಡ್ಬೇಕು. ಕ್ಲಾಸಿಕ್ ಮಾರಿ ಇದೊಂದೇ ಗಾಡಿ ಇಟ್ಕೊಳ್ಳೋ ವಿಚಾರ ಇದ್ರ ಬ್ಯಾಡೇ ಬ್ಯಾಡ್ರಿ. ಕ್ಲಾಸಿಕ್ ಇಟ್ಕೊಂಡು ಇನ್ನೊಂದು ಅಂದ್ರ, ನಿಮ್ಮ ಎರಡರಾಗ ನಾನು ಸ್ಟ್ರೀಟ್ ಟ್ರಿಪಲ್ ಕಡೆ, ಅದೂ ಎರಡು ಮೂರು ವರ್ಷ ಓಡಿದ್ದು, ಮೊದ್ಲಿನ ಮಾಲೀಕ ಟ್ಯಾಕ್ಸು, ಬೆಲಿ ಇಳಿಕೆ ಎಲ್ಲ ತಿಂದಿರ್ತಾನ. ಹೈದರಾಬಾದ್ ಗಾಡಿ ಅಗ್ಗ ಅಂತ ಹಾರಬ್ಯಾಡ್ರಿ, ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ತಂದು ರಾಯಚೂರಿನ ಕೆಎ 36 ನಂಬರ್ ಮಾಡಿಸಾಕ ಇಲ್ಲಿ ಮತ್ತ ಟ್ಯಾಕ್ಸ್ ಕಟ್ಟಬೇಕು, ಅದನ್ನ ಕೂಡಿಸಿ ರೇಟ್ ನೋಡ್ರಿ. ಟ್ಯಾಂಕಿನ ಮ್ಯಾಲ ಟ್ರಯಂಫ್ ಅಂತ ಇದ್ರ ಸಾಕು ಅನ್ನೋದಾದ್ರ ಸ್ಪೀಡ್ 400 ಐತಿ, 2023ರಾಗ ಬಜಾಜ್ ಜೋಡಿ ಸೇರಿ ಬಿಟ್ಟಿದ್ದು, 398 ಸಿಸಿ, ಪುಣೆ ಹತ್ರದ ಚಾಕಣದಾಗ ತಯಾರಾಗ್ತೈತಿ, ಮೊದಲ ಸರ್ವಿಸ್ ಆದ ಮ್ಯಾಲ 16,000 ಕಿ.ಮೀ.ಗೊಮ್ಮೆ ಸರ್ವಿಸ್. ಅದು ಖರೆ ಯುರೋಪಿನ ಗಾಡಿ ಅಲ್ಲ ಅಂತ ಮೂಗು ಮುರಿಯೋರು ಅದಾರ, ಅವ್ರು ನಿಮ್ಮ ಪಿಕಪ್ ಬಾಡಿಗಿ ಕೊಡಂಗಿಲ್ಲ.

ಅಪ್ಪಾಜಿ ಮಾತಿಗೆ ನನ್ ಹತ್ರ ಉತ್ತರ ಇಲ್ಲ, ಟ್ರ್ಯಾಕ್ಟರ್ ಬಾಡಿಗಿ ದುಡೀತೈತಿ, ಬೈಕ್ ದುಡಿಯಂಗಿಲ್ಲ, ಲೋನ್ ಎತ್ತಿ ತಗೊಳ್ಳೋದಾದ್ರ ನಾನೂ ಅವ್ರ ಕಡೆನೇ. ಕೈಯಾಗಿನ ರೊಕ್ಕ ಆದ್ರ ಮೇ ತಿಂಗಳ ಮಧ್ಯಾಹ್ನ ಹೈದರಾಬಾದ್‌ಗೆ ಹೋಗಿ ಟ್ರಾಫಿಕ್‌ನಾಗ ಟೆಸ್ಟ್ ರೈಡ್ ಕೇಳ್ರಿ, ಬೆಳಗ್ಗೆ ಬನ್ನಿ ಅಂದ್ರ ಒಪ್ಪಬ್ಯಾಡ್ರಿ, ಮತ್ತ ವಾಲ್ವ್ ಚೆಕ್, ಎರಡೂ ಟೈರ್, ಕ್ಲಚ್ ಲಿವರ್ ಇಷ್ಟರ ರೇಟನ್ನ ಹಾಳಿ ಮ್ಯಾಲ ಬರಸ್ಕೊಂಡು ಬರ್ರಿ.